ಮನೆಯ ಕಥೆ ಬರೆಯುವಾಗ: ಯಾರನ್ನು ಕೇಳಬೇಕು, ಯಾವುದಕ್ಕೆ ಹೆದರಬಾರದು

ನಿಮ್ಮ ಬದುಕಿನ ಬಗ್ಗೆ ನೀವು ಬರೆಯಬಹುದಾ? ಬರೆಯಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಸಂವಿಧಾನದ 19(1)(ಎ) ವಿಧಿ ಕೊಟ್ಟಿರುವ ಮಾತಿನ ಸ್ವಾತಂತ್ರ್ಯ ಪತ್ರಕರ್ತರಿಗೆ, ಸಾಹಿತಿಗಳಿಗೆ ಮಾತ್ರ ಮೀಸಲಲ್ಲ. ತನ್ನ ಹೆರಿಗೆಯ ದಿನ ಆಸ್ಪತ್ರೆಯಲ್ಲಿ ಏನಾಯಿತು ಎಂದು ಫೇಸ್‌ಬುಕ್‌ನಲ್ಲಿ ಬರೆಯುವ ಹೆಣ್ಣುಮಗಳಿಗೂ ಅದೇ ಹಕ್ಕು ಇದೆ. ಆದರೆ ಬದುಕು ಒಬ್ಬರದ್ದೇ ಆಗಿರುವುದಿಲ್ಲ. ನನ್ನ ಬಾಲ್ಯ ಬರೆಯಲು ಕೂತರೆ ಅಪ್ಪ ಬರುತ್ತಾರೆ, ದೊಡ್ಡಮ್ಮ ಬರುತ್ತಾರೆ, ಸಾಲ ಕೊಟ್ಟವರು, ಸಾಲ ಕೇಳಿದವರು ಎಲ್ಲರೂ ಬರುತ್ತಾರೆ. ನಮ್ಮ ಬಗ್ಗೆ ಬರಿ ಎಂದು ಅವರ್ಯಾರೂ ನನಗೆ ಹೇಳಿಲ್ಲ. ಕಷ್ಟ ಇರುವುದು ಅಲ್ಲೇ.

ನಾನು ಅರಸೀಕೆರೆ ಕಡೆಯ ತೆಂಗಿನ ತೋಟದ ಮನೆಯವಳು. ಈಗ ಮೈಸೂರಿನಲ್ಲಿದ್ದೇನೆ. ಮನೆ, ಊರು, ನೆಂಟರು, ನನ್ನ ಕಾಯಿಲೆ, ನನ್ನ ಕೆಲಸ, ಹೀಗೆ ಕಂಡದ್ದನ್ನೆಲ್ಲ ಬಹಳ ವರ್ಷಗಳಿಂದ ಆನ್‌ಲೈನ್‌ನಲ್ಲಿ ಬರೆಯುತ್ತಾ ಬಂದಿದ್ದೇನೆ. ಹೊಸದಾಗಿ ಬರೆಯುವವರು, ಅದರಲ್ಲೂ ಹೆಣ್ಣುಮಕ್ಕಳು, ನನ್ನನ್ನು ಜಾಸ್ತಿ ಕೇಳುವುದು ಒಂದೇ ಮಾತು: "ಅಕ್ಕಾ, ಇದನ್ನ ಬರೆದ್ರೆ ಮನೇಲಿ ಏನಂತಾರೋ?" ಅವರಿಗಾಗಿ ನಾನು ಕೆಲಸ ಮಾಡುವ ರೀತಿಯನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಏನನ್ನೂ ಬಿಡದೆ ಬರೆಯಿರಿ

ಬರೆಯುವುದು ಬೇರೆ, ಹಾಕುವುದು ಬೇರೆ. ಇವೆರಡನ್ನೂ ಒಟ್ಟಿಗೆ ಮಾಡಬೇಡಿ. ಮೊದಲ ಪ್ರತಿಯಲ್ಲಿ ನಿಜವಾದ ಹೆಸರೇ ಇರಲಿ. ಜಗಳ ಇದ್ದರೆ ಜಗಳ, ಸಾಲ ಇದ್ದರೆ ಸಾಲದ ಮೊತ್ತ, ಬೈದಿದ್ದರೆ ಬೈದ ಮಾತು, ಎಲ್ಲವೂ ಇರಲಿ. ಅತ್ತೆ ಓದಿದರೆ, ನಾದಿನಿ ಓದಿದರೆ ಎಂದು ಮೊದಲ ಸಾಲಿನಲ್ಲೇ ಯೋಚಿಸಿದರೆ ಕೈ ಓಡುವುದಿಲ್ಲ. ಆಗ ಬರುವುದು ಯಾರಿಗೂ ನೋವಾಗದ, ಯಾರಿಗೂ ಬೇಡದ ಬರಹ.

ಫೇಸ್‌ಬುಕ್‌ನ ಪೆಟ್ಟಿಗೆಯಲ್ಲೇ ನೇರವಾಗಿ ಟೈಪ್ ಮಾಡಬೇಡಿ. ಬೆರಳು ತಪ್ಪಿ ಬಟನ್ ಒತ್ತಿದರೆ ಮುಗಿಯಿತು. ನಾನು ಮೊದಲು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ, ಆಮೇಲೆ ಯಾರೊಂದಿಗೂ ಹಂಚಿಕೊಳ್ಳದ ಫೈಲಿಗೆ ಇಳಿಸುತ್ತೇನೆ. ಕೆಲವು ದಿನ ಅದನ್ನು ಮುಟ್ಟುವುದಿಲ್ಲ. ಸಿಟ್ಟಿನಲ್ಲಿ ಬರೆದದ್ದು ಚೆನ್ನಾಗಿಯೇ ಇರಬಹುದು, ಆದರೆ ಯಾವ ಸಾಲು ಉಳಿಯಬೇಕು ಎಂದು ತೀರ್ಮಾನಿಸುವಾಗ ಸಿಟ್ಟು ಇರಬಾರದು.

ಯಾವ ಸಾಲು ಯಾರದ್ದು?

ಆಮೇಲೆ ಪೆನ್ಸಿಲ್ ಹಿಡಿದು ಒಂದೊಂದೇ ಸಾಲು ನೋಡಿ. ಪ್ರತಿ ಸಾಲಿನ ಪಕ್ಕದಲ್ಲಿ ಅದು ಯಾರ ವಿಷಯ ಎಂದು ಬರೆಯಿರಿ: ನನ್ನದು, ನಮ್ಮಿಬ್ಬರದು, ಅವರದು. ನನ್ನದೇ ಒಂದು ಬರಹದ ತುಂಡು ಕೊಡುತ್ತೇನೆ:

"ನುಸಿ ಪೀಡೆ ಬಂದ ಮೇಲೆ ಕಾಯಿ ಸಣ್ಣಗಾಯಿತು. ಅಟ್ಟದ ಮೇಲಿದ್ದ ಕೊಬ್ಬರಿ ತಿಪಟೂರಿನ ಮಂಡಿಗೆ ಹೋಗುವ ಮೊದಲೇ ಅದರ ದುಡ್ಡು ಖರ್ಚಾಗಿರುತ್ತಿತ್ತು. ಅಪ್ಪ ರಾತ್ರಿ ಎದ್ದು ಜಗಲಿಯಲ್ಲಿ ಕೂರುತ್ತಿದ್ದರು. ದೊಡ್ಡಮ್ಮ ಬಳೆ ಅಡವಿಟ್ಟರು. ನನ್ನ ಕಾಲೇಜು ಫೀಸು ಕಟ್ಟುವುದೇ ಅನುಮಾನವಾಯಿತು."

ನುಸಿ ಪೀಡೆ ಇಡೀ ಸೀಮೆಯದ್ದು. ತೊಂಬತ್ತರ ದಶಕದ ಕೊನೆಯಲ್ಲಿ ಅದು ನಮ್ಮ ಕಡೆಯ ತೋಟಗಳಿಗೆ ಹಬ್ಬಿತು. ಅದನ್ನು ಬರೆಯಲು ಯಾರನ್ನೂ ಕೇಳಬೇಕಿಲ್ಲ. ಫೀಸು ನನ್ನದು. ಅಪ್ಪ ನಿದ್ದೆ ಬಾರದೆ ಕೂತದ್ದು ಅವರದು, ಅದನ್ನು ಬಾಗಿಲ ಸಂದಿಯಿಂದ ನೋಡಿದ್ದು ನನ್ನದು, ಹಾಗಾಗಿ ಆ ಸಾಲು ಇಬ್ಬರದೂ. ಬಳೆ ಮಾತ್ರ ಪೂರ್ತಿ ದೊಡ್ಡಮ್ಮನದು. ಅದು ನನಗೆ ಎಷ್ಟೇ ಬೇಕಾದ ಸಾಲಾದರೂ ಸರಿ, ಅವರನ್ನು ಕೇಳದೆ ಹಾಕುವ ಹಾಗಿಲ್ಲ.

ಇಷ್ಟು ಮಾಡಿದಾಗ ಒಂದು ವಿಷಯ ಗೊತ್ತಾಗುತ್ತದೆ. ನಾವು ಹೆದರಿಕೊಂಡಿದ್ದ ಅರ್ಧ ಸಾಲುಗಳು ನಮ್ಮವೇ ಆಗಿರುತ್ತವೆ. ನಿಮ್ಮ ಗರ್ಭಪಾತ, ನಿಮ್ಮ ಡಿಪ್ರೆಶನ್, ನೀವು ದೇವಸ್ಥಾನಕ್ಕೆ ಹೋಗುವುದನ್ನು ಬಿಟ್ಟದ್ದು, ಡಿವೋರ್ಸ್ ಆದ ಮೇಲೆ ಒಬ್ಬಳೇ ಬಾಡಿಗೆ ಮನೆ ಹುಡುಕಿದ್ದು, ಇವು ನಿಮ್ಮವು. ನಮ್ಮಲ್ಲಿ ಮನೆತನದ ಮರ್ಯಾದೆಯನ್ನೆಲ್ಲ ಹೆಣ್ಣುಮಕ್ಕಳ ಬಾಯಿಯ ಮೇಲೆ ಹೊರಿಸಿ ಇಟ್ಟಿದ್ದಾರೆ. ಗಂಡಸು ಕುಡಿದದ್ದು ಮರ್ಯಾದೆಗೇಡಲ್ಲ, ಹೆಂಡತಿ ಅದನ್ನು ಹೇಳಿದ್ದು ಮರ್ಯಾದೆಗೇಡು. ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ನೀವೂ ಒಪ್ಪಬೇಡಿ.

ಕೇಳುವುದು ಹೇಗೆ

"ನಿಮ್ಮ ಬಗ್ಗೆ ಬರೀಲಾ?" ಎಂದು ಕೇಳಬೇಡಿ. ಹಾಗೆ ಕೇಳಿದರೆ ಎಲ್ಲರೂ "ಅಯ್ಯೋ, ಬರ್ಕೋ ಬಿಡು" ಅನ್ನುತ್ತಾರೆ. ಏನು ಬರೆಯುತ್ತೀರಿ ಎಂದು ಅವರಿಗೆ ಗೊತ್ತಿರುವುದಿಲ್ಲ. ಅದು ಒಪ್ಪಿಗೆ ಅಲ್ಲ. ಬರೆದ ಸಾಲನ್ನೇ ಓದಿ ಹೇಳಿ.

ದೊಡ್ಡಮ್ಮನಿಗೆ ಓದಲು ಕಣ್ಣು ಸರಿಯಾಗಿ ಕಾಣುವುದಿಲ್ಲ. ಊರಿಗೆ ಹೋದಾಗ ಅವರು ಅಡುಗೆಮನೆಯಲ್ಲಿ ನುಗ್ಗೆಸೊಪ್ಪು ಬಿಡಿಸುತ್ತಾ ಕೂತಿದ್ದರು. ನಾನು ಎದುರಿಗೆ ಕೂತು ಪೂರ್ತಿ ಓದಿದೆ. ಬಳೆಯ ಸಾಲು ಬಂದಾಗ ನನ್ನ ದನಿಯೇ ಸಣ್ಣದಾಯಿತು. ಅವರು ತಲೆಯನ್ನೂ ಎತ್ತಲಿಲ್ಲ. "ನಾಕಿಟ್ಟೆ, ಬಿಡಿಸ್ಕೊಂಡಿದ್ದು ಎರಡೇ. ಅದೂ ಬರಿ," ಅಂದರು. ಮುಂದೆ ಒಂದು ಸಾಲು ಬಂತು, ಆ ಕಾಲದಲ್ಲಿ ಒಬ್ಬರು ನಮಗೆ ಮಾಡಿದ ಉಪಕಾರದ ಬಗ್ಗೆ. ಒಳ್ಳೆಯ ಮಾತೇ ಬರೆದಿದ್ದೆ. ಅಲ್ಲಿ ಸೊಪ್ಪು ಬಿಡಿಸುವ ಕೈ ನಿಂತಿತು. "ಅದು ಬ್ಯಾಡ ಕಣವ್ವ. ಬಳೆ ನಂದು, ಏನಾರ ಬರ್ಕೋ. ಅವರು ಮಾಡಿದ್ದನ್ನ ಇವತ್ತಿನವರ್ಗೂ ಯಾರ್ ತಾವೂ ಬಾಯಿ ಬಿಟ್ಟಿಲ್ಲ. ನಾವ್ಯಾಕೆ ಹೇಳ್ಬೇಕು?"

ಆ ಸಾಲು ತೆಗೆದೆ. ಯಾವ ಉಪಕಾರ, ಯಾರು ಮಾಡಿದ್ದು ಎಂದು ಇಲ್ಲೂ ಬರೆಯುವುದಿಲ್ಲ. ಜನರಿಗೆ ಎಲ್ಲಿ ನೋಯುತ್ತದೆ ಎಂದು ನಾವು ಊಹಿಸಿ ತೀರ್ಮಾನ ಮಾಡಲು ಆಗುವುದಿಲ್ಲ. ಬಡತನ ಹೇಳಿಕೊಳ್ಳಲು ಅವರಿಗೆ ನಾಚಿಕೆ ಇರಲಿಲ್ಲ. ಇನ್ನೊಬ್ಬರು ಮೌನವಾಗಿ ಮಾಡಿದ್ದನ್ನು ಬೀದಿಗೆ ತರುವುದು ಅವರಿಗೆ ತಪ್ಪಾಗಿ ಕಂಡಿತು. ಜೊತೆಗೆ, ಓದಿ ಹೇಳಿದ್ದರಿಂದಲೇ ಎರಡು ಬಳೆ ಕೊನೆಗೂ ವಾಪಸ್ ಬರಲಿಲ್ಲ ಎಂಬುದು ನನಗೆ ತಿಳಿದದ್ದು. ಆ ಬರಹದಲ್ಲಿ ಓದುಗರಿಗೆ ಇಂದಿಗೂ ನೆನಪಿರುವುದು ಆ ಎರಡು ಬಳೆಗಳೇ.

ಕೇಳುವಾಗ ಇನ್ನೂ ಕೆಲವು ವಿಷಯ ನೋಡಿಕೊಳ್ಳಿ. ಮದುವೆ ಮನೆಯಲ್ಲಿ, ನಾಲ್ಕು ಜನರ ಎದುರು ಕೇಳಬೇಡಿ. ಅಲ್ಲಿ ಯಾರಿಗೂ ಬೇಡ ಅನ್ನಲು ಆಗುವುದಿಲ್ಲ. ಯಾರ್ಯಾರು ಓದುತ್ತಾರೆ ಎಂದು ಬಿಡಿಸಿ ಹೇಳಿ. "ಇಂಟರ್‌ನೆಟ್ಟಲ್ಲಿ ಬರುತ್ತೆ" ಅಂದರೆ ವಯಸ್ಸಾದವರಿಗೆ ಅದು ಎಲ್ಲೋ ದೂರದ ಜಾಗ. "ನಿಮ್ಮ ಅಳಿಯನ ಕಡೆಯವರೂ ಓದಬಹುದು, ಅವರ ವಾಟ್ಸಾಪ್ ಗ್ರೂಪಿಗೂ ಬರಬಹುದು" ಅನ್ನಿ. ಆಗ ಅವರು ನಿಜವಾಗಿ ಯೋಚಿಸುತ್ತಾರೆ. ಒಪ್ಪಿದರೆ ಒಂದು ವಾಯ್ಸ್ ಮೆಸೇಜ್ ಕಳಿಸಲು ಹೇಳಿ, ಅದನ್ನು ಉಳಿಸಿಕೊಳ್ಳಿ.

ಬೇಡ ಅಂದರೆ? ಮೊದಲು ಆ ಸಾಲಿಲ್ಲದೆ ಬರಹ ನಿಲ್ಲುತ್ತದಾ ನೋಡಿ. ಬಹಳ ಸಲ ನಿಲ್ಲುತ್ತದೆ. ನಿಲ್ಲದಿದ್ದರೆ ಕಾಯಿರಿ. ನನ್ನ ಬಳಿ ಹಾಗೆ ಕಾಯುತ್ತಿರುವ ಬರಹಗಳಿವೆ. ಕಥೆ ಮಾಡಿ ಬರೆಯುವ ದಾರಿಯೂ ಇದೆ, ಆದರೆ ಊರವರಿಗೆ ಗುರುತು ಸಿಗುವ ಹಾಗೆ ಕಥೆ ಬರೆದು "ಇದು ಕಾಲ್ಪನಿಕ" ಎಂದು ಮೇಲೆ ಹಾಕುವುದು ನ್ಯಾಯ ಅಲ್ಲ.

ಕೇಳಬೇಕಾಗಿಲ್ಲದವರು

ನಿಮಗೆ ಹೊಡೆದವರನ್ನು, ಕಿರುಕುಳ ಕೊಟ್ಟವರನ್ನು ಕೇಳಿ ಬರೆಯಬೇಕಿಲ್ಲ. ಇದನ್ನು ಜೋರಾಗಿಯೇ ಹೇಳುತ್ತೇನೆ, ಯಾಕೆಂದರೆ "ಎಲ್ಲರ ಒಪ್ಪಿಗೆ ತಗೋ" ಎಂಬ ಮಾತನ್ನು ಇಂಥ ಹೆಣ್ಣುಮಕ್ಕಳ ಬಾಯಿ ಮುಚ್ಚಿಸಲು ಬಳಸುವವರಿದ್ದಾರೆ. ನಿಮಗೆ ಆದದ್ದು ನಿಮ್ಮದು. ಆದರೆ ಬರೆಯುವ ರೀತಿಯಲ್ಲಿ ಎಚ್ಚರ ಇರಲಿ. "ಅವನು ರಾಕ್ಷಸ" ಎಂದು ಬರೆಯುವ ಬದಲು, ಯಾವ ತಿಂಗಳು, ಯಾವ ಕೋಣೆ, ಏನು ಮಾಡಿದ, ನೀವು ಏನು ಮಾಡಿದಿರಿ ಎಂದು ಬರೆಯಿರಿ. ಓದುವವರು ತಾವೇ ತಿಳಿದುಕೊಳ್ಳುತ್ತಾರೆ. ಆಸ್ಪತ್ರೆಯ ಚೀಟಿ, ಪೊಲೀಸ್ ಠಾಣೆಯಲ್ಲಿ ಕೊಟ್ಟ ದೂರಿನ ಸ್ವೀಕೃತಿ, ಮೆಸೇಜುಗಳು, ಏನಿದೆಯೋ ಎಲ್ಲ ಜೋಪಾನ ಮಾಡಿ. ಹೆಸರು ಹಾಕಬೇಕು ಅನ್ನಿಸಿದರೆ ಹಾಕುವ ಮೊದಲು ವಕೀಲರನ್ನು ಕಾಣಿ. ದುಡ್ಡಿಲ್ಲದಿದ್ದರೆ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗಬೇಕು, 1987ರ ಕಾಯ್ದೆಯಲ್ಲೇ ಹಾಗಿದೆ.

ಕಚೇರಿಯಲ್ಲಿ ಆದ ಲೈಂಗಿಕ ಕಿರುಕುಳದ ಬಗ್ಗೆ ಆಂತರಿಕ ಸಮಿತಿಗೆ ದೂರು ಕೊಟ್ಟಿದ್ದರೆ ಒಂದು ವಿಷಯ ಗೊತ್ತಿರಲಿ. 2013ರ ಕಾಯ್ದೆಯ 16ನೇ ಕಲಂ ಪ್ರಕಾರ ದೂರಿನ ವಿವರ, ವಿಚಾರಣೆಯ ವಿವರಗಳನ್ನು ಬಹಿರಂಗ ಮಾಡುವ ಹಾಗಿಲ್ಲ.

ಹೆಸರು ತೆಗೆದರೆ ಸಾಲದು

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ "ಮೂರನೇ ಮಹಡಿಯ ಹೆಂಗಸು" ಅಂದರೆ ಯಾರಿಗೂ ಗೊತ್ತಾಗದಿರಬಹುದು. ನಮ್ಮ ಊರಿನಲ್ಲಿ "ಬಾವಿ ಪಕ್ಕದ ಮನೆಯ ಹಿರಿ ಸೊಸೆ" ಅಂದರೆ ಹೆಸರು, ತವರು, ಗೋತ್ರ ಎಲ್ಲ ಹೇಳಿದ ಹಾಗೆ. ಹಾಗಾಗಿ ಬರಹವನ್ನು ಊರವರ ಕಣ್ಣಿನಿಂದ ಓದಿ. ಸಂಬಂಧ, ಮನೆಯ ಜಾಗ, ಕಸುಬು, ಈ ಮೂರರಲ್ಲಿ ಎರಡು ಒಟ್ಟಿಗೆ ಇದ್ದರೆ ಗುರುತು ಸಿಕ್ಕೇ ಸಿಗುತ್ತದೆ. ಒಂದನ್ನು ತೆಗೆಯಿರಿ. ನಾನು ವಿವರ ತೆಗೆಯುತ್ತೇನೆ, ಸುಳ್ಳು ವಿವರ ಸೇರಿಸುವುದಿಲ್ಲ. ಟೀಚರನ್ನು ನರ್ಸ್ ಮಾಡಿದರೆ ಊರಿನ ಯಾವುದೋ ನರ್ಸಿನ ಮೇಲೆ ಅನುಮಾನ ಹೋಗುತ್ತದೆ. ಹೆಸರು ಬದಲಿಸಿದ್ದರೆ ಬದಲಿಸಿದ್ದೇನೆ ಎಂದು ಓದುಗರಿಗೆ ಹೇಳಿಬಿಡಿ.

ಅತ್ಯಾಚಾರದಂಥ ಲೈಂಗಿಕ ಅಪರಾಧಕ್ಕೆ ಒಳಗಾದವರ ವಿಷಯದಲ್ಲಿ ಇದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ. ಅವರ ಗುರುತು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ, ಎರಡು ವರ್ಷದವರೆಗೆ ಜೈಲು. ಮಕ್ಕಳಾದರೆ ಪೋಕ್ಸೊ ಕಾಯ್ದೆಯ 23ನೇ ಕಲಂ ಬರುತ್ತದೆ. ಅಲ್ಲಿ ಹೆಸರು ಮಾತ್ರವಲ್ಲ, ವಿಳಾಸ, ಫೋಟೋ, ಮನೆಯವರ ವಿವರ, ಶಾಲೆ, ನೆರೆಹೊರೆ ಯಾವುದೂ ಬರಬಾರದು. ಒಳ್ಳೆಯ ಉದ್ದೇಶದಿಂದ "ನಮ್ಮ ಪಕ್ಕದ ಬೀದಿಯ ಮಗು" ಎಂದು ಬರೆಯುವವರು ಇದನ್ನು ನೆನಪಿಡಬೇಕು.

ಕಾನೂನಿನಲ್ಲಿ ಇರುವುದು ಮತ್ತು ಇಲ್ಲದಿರುವುದು

ಮಾತಿನ ಸ್ವಾತಂತ್ರ್ಯಕ್ಕೆ ಮಿತಿ ಹಾಕಬಹುದಾದ ಕಾರಣಗಳನ್ನು ಸಂವಿಧಾನದ 19(2)ರಲ್ಲಿ ಪಟ್ಟಿ ಮಾಡಿದ್ದಾರೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ಭದ್ರತೆ, ವಿದೇಶಗಳ ಜೊತೆಗಿನ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಇದನ್ನು ಒಮ್ಮೆ ನಿಧಾನವಾಗಿ ಓದಿ. ನೆಂಟರಿಗೆ ಬೇಜಾರಾಗುತ್ತದೆ ಎಂಬುದು ಇದರಲ್ಲಿ ಇಲ್ಲ.

"ನಿನ್ನ ಮೇಲೆ 66ಎ ಹಾಕಿಸ್ತೀನಿ" ಎಂದು ಯಾರಾದರೂ ಹೆದರಿಸಿದರೆ, ಆನ್‌ಲೈನ್‌ನಲ್ಲಿ ಬೇಜಾರಾಗುವ ಮಾತು ಬರೆದರೆ ಶಿಕ್ಷೆ ಎನ್ನುತ್ತಿದ್ದ ಆ ಕಲಂ ಈಗ ಇಲ್ಲ ಎಂದು ಹೇಳಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಅದು ಇದ್ದ ಕಾಲದಲ್ಲಿ, 2012ರಲ್ಲಿ, ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಮುಂಬೈ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದ ಯುವತಿಯನ್ನೂ ಅದಕ್ಕೆ ಲೈಕ್ ಒತ್ತಿದ ಗೆಳತಿಯನ್ನೂ ಪೊಲೀಸರು ಬಂಧಿಸಿದ್ದರು. ಶ್ರೇಯಾ ಸಿಂಘಾಲ್ ಎಂಬ ಯುವತಿ ಇದನ್ನು ಪ್ರಶ್ನಿಸಿದರು. ಅವರು ಸುಪ್ರೀಂ ಕೋರ್ಟಿಗೆ ಹೋದರು. 2015ರ ಮಾರ್ಚ್ 24ರಂದು ಕೋರ್ಟು ಆ ಕಲಮನ್ನು ರದ್ದು ಮಾಡಿತು. ಚರ್ಚೆ ಮಾಡುವುದು, ಒಂದು ಅಭಿಪ್ರಾಯದ ಪರ ವಾದಿಸುವುದು ಎಷ್ಟೇ ಅಪ್ರಿಯವಾಗಿದ್ದರೂ ಹಕ್ಕೇ, ಅದು ಪ್ರಚೋದನೆಯ ಮಟ್ಟಕ್ಕೆ ಹೋದಾಗ ಮಾತ್ರ ಕಾನೂನು ತಡೆಯಬಹುದು ಎಂದಿತು.

ಇನ್ನೊಂದು ಬದಿಯೂ ಅಷ್ಟೇ ಗಟ್ಟಿ. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದಕ್ಕೂ ಮೊದಲು 1994ರಲ್ಲಿ, ತಮಿಳುನಾಡಿನ ಒಂದು ಪತ್ರಿಕೆ ಜೈಲಿನಲ್ಲಿದ್ದ ಕೈದಿಯ ಆತ್ಮಕಥೆ ಪ್ರಕಟಿಸಲು ಹೊರಟ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಇನ್ನೊಂದು ಮಾತು ಹೇಳಿತ್ತು. ಒಬ್ಬರ ಮನೆ, ಮದುವೆ, ತಾಯ್ತನ, ಓದು ಇಂಥ ವಿಷಯಗಳನ್ನು ಅವರ ಒಪ್ಪಿಗೆ ಇಲ್ಲದೆ ಪ್ರಕಟಿಸುವ ಹಾಗಿಲ್ಲ, ಅದು ನಿಜವಾಗಿದ್ದರೂ ಸರಿ. ಕೋರ್ಟಿನ ದಾಖಲೆಯಂಥ ಸಾರ್ವಜನಿಕ ದಾಖಲೆಯಲ್ಲಿ ಬಂದ ವಿಷಯ, ಅಧಿಕಾರಿಗಳು ತಮ್ಮ ಕೆಲಸದಲ್ಲಿ ಮಾಡಿದ್ದು, ಇವಕ್ಕೆ ಈ ತಡೆ ಇಲ್ಲ. ನಾನು ಮೇಲೆ ಹೇಳಿದ ಪೆನ್ಸಿಲ್ ಗುರುತಿನ ಕೆಲಸಕ್ಕೆ ಈ ತೀರ್ಪೇ ಒಳ್ಳೆಯ ಆಧಾರ. ಜಗಲಿಯಲ್ಲಿ ಕೂತ ಅಪ್ಪನನ್ನು ಬರೆಯಬಹುದಾ ಎಂದು ಕೇಳುವಾಗ ಕೋರ್ಟು ತೂಗಿದ ವಿಷಯವನ್ನೇ ನಾವೂ ತೂಗುತ್ತಿರುತ್ತೇವೆ.

ಮಾನಹಾನಿ ಈಗಲೂ ಕ್ರಿಮಿನಲ್ ಅಪರಾಧ. 2024ರ ಜುಲೈ 1ರಿಂದ ಅದು ನ್ಯಾಯ ಸಂಹಿತೆಯ 356ನೇ ಕಲಂ. ನಿಜ ಹೇಳಿದರೆ ಸಾಕು ಎಂದು ತುಂಬಾ ಜನ ತಿಳಿದಿದ್ದಾರೆ. ಸಾಲದು. ನಿಜವೂ ಆಗಿರಬೇಕು, ಅದನ್ನು ಹೇಳುವುದರಿಂದ ಸಾರ್ವಜನಿಕರಿಗೆ ಒಳಿತೂ ಆಗುವಂತಿರಬೇಕು. ತೀರಿಹೋದವರ ಬಗ್ಗೆಯೂ ಇದು ಅನ್ವಯಿಸಬಹುದು, ಅವರ ಮನೆಯವರನ್ನು ನೋಯಿಸುವ ಉದ್ದೇಶದಿಂದ ಬರೆದಿದ್ದರೆ. "ಅಜ್ಜ ಹೋಗಿ ಎಷ್ಟೋ ವರ್ಷ ಆಯ್ತು" ಅನ್ನುವವರು ಗಮನಿಸಿ.

ಹಳೆಯ ಕಾಗದಗಳ ವಿಷಯ. ಅತ್ತೆಯ ಪೆಟ್ಟಿಗೆಯಲ್ಲಿ ಸಿಕ್ಕ ಇನ್‌ಲ್ಯಾಂಡ್ ಲೆಟರ್ ನಿಮ್ಮ ಕೈಯಲ್ಲಿದ್ದರೂ ಅದರಲ್ಲಿನ ಬರಹದ ಹಕ್ಕು ಬರೆದವರದು. ಅವರು ತೀರಿಕೊಂಡ ಮೇಲೆ ಅದು ವಾರಸುದಾರರದು. ಪೂರ್ತಿ ಕಾಗದದ ಫೋಟೋ ಹಾಕುವ ಮೊದಲು ಅವರನ್ನು ಕೇಳಿ.

ಸರ್ಕಾರಿ ನೌಕರರಾಗಿದ್ದರೆ 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳನ್ನು ಓದಿಕೊಳ್ಳಿ. ಮನೆಯ ಕಥೆಗೆ ತೊಂದರೆ ಬರುವುದು ಕಡಿಮೆ. ಇಲಾಖೆ, ಸರ್ಕಾರದ ನೀತಿ ಬಂದಾಗ ತೊಂದರೆ ಶುರುವಾಗುತ್ತದೆ. ಕಾವ್ಯನಾಮ ಇಟ್ಟುಕೊಳ್ಳುವುದು ಕನ್ನಡದಲ್ಲಿ ಹಳೆಯ ಪದ್ಧತಿ, ಧಾರಾಳವಾಗಿ ಇಟ್ಟುಕೊಳ್ಳಿ. ಆದರೆ ಕೇಸಾದರೆ ಕಾವ್ಯನಾಮದ ಹಿಂದೆ ಯಾರಿದ್ದಾರೆ ಎಂದು ಪೊಲೀಸರು ಪತ್ತೆ ಮಾಡಬಲ್ಲರು.

ಮಕ್ಕಳು ಮತ್ತು ಫೋಟೋಗಳು

ಮಗು ಸ್ನಾನ ಮಾಡುವ ಫೋಟೋ, ಮಾರ್ಕ್ಸ್ ಕಾರ್ಡ್, ಮಗಳು ದೊಡ್ಡವಳಾದ ಸುದ್ದಿ, ಇವು ಮೂರನ್ನೂ ಹಾಕಬೇಡಿ. ಮಗು ಮಾತು ಕಲಿತ ಮೇಲೆ ಅದನ್ನೂ ಕೇಳಿ, ಬೇಡ ಅಂದರೆ ಬೇಡ. ಅವರ ಕ್ಲಾಸಿನ ಮಕ್ಕಳು ಮುಂದೆ ಇದನ್ನೆಲ್ಲ ಹುಡುಕಿ ಓದುತ್ತಾರೆ.

ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿ. ಯೂನಿಫಾರ್ಮಿನ ಬ್ಯಾಡ್ಜ್, ಗೇಟಿನ ನಂಬರ್, ಗಾಡಿ ನಂಬರ್ ಕಾಣದ ಹಾಗೆ ನೋಡಿಕೊಳ್ಳಿ. ಮನೆಗೆ ಬೀಗ ಹಾಕಿ ಧರ್ಮಸ್ಥಳಕ್ಕೆ ಹೊರಟಿದ್ದರೆ ಅದನ್ನು ವಾಪಸ್ ಬಂದ ಮೇಲೆ ಬರೆಯಿರಿ.

ಹಾಕಿದ ಮೇಲೆ

ಬೈಗುಳ ಬರುತ್ತದೆ. ಹೆಣ್ಣುಮಕ್ಕಳು ತಮ್ಮ ದೇಹದ ಬಗ್ಗೆ, ಮದುವೆಯ ಬಗ್ಗೆ, ಜಾತಿಯ ಬಗ್ಗೆ ಬರೆದರೆ ಇನ್ನೂ ಜಾಸ್ತಿ ಬರುತ್ತದೆ. ವಾದ ಮಾಡುವವರಿಗೆ ಉತ್ತರ ಕೊಡಿ, ಬೈಯುವವರನ್ನು ಬ್ಲಾಕ್ ಮಾಡಿ. ಬ್ಲಾಕ್ ಮಾಡಿದರೆ ಅವರ ಮಾತಿನ ಸ್ವಾತಂತ್ರ್ಯ ಹೋಗುವುದಿಲ್ಲ, ಅವರು ತಮ್ಮ ಗೋಡೆಯ ಮೇಲೆ ಬರೆದುಕೊಳ್ಳಬಹುದು. ಬೆದರಿಕೆ ಬಂದರೆ ಮಾತ್ರ ಅಳಿಸಬೇಡಿ. ಖಾತೆಯ ಹೆಸರು, ಲಿಂಕ್, ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ಮನೆಯಲ್ಲಿ ಒಬ್ಬರಿಗಾದರೂ ತೋರಿಸಿ. ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆಗಳಿವೆ, ದೂರು ಅಲ್ಲಿ ಕೊಡಬಹುದು. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ಕೊಡಬಹುದು.

ತೆಗೆಯಿರಿ ಎಂದು ಕೇಳುವವರು ಬರುತ್ತಾರೆ. ಅದು ಅವರದೇ ವಿಷಯವಾಗಿದ್ದರೆ ನಾನು ವಾದ ಮಾಡದೆ ಅದೇ ದಿನ ತೆಗೆಯುತ್ತೇನೆ, ಮೊದಲು ಒಪ್ಪಿಗೆ ಕೊಟ್ಟಿದ್ದರೂ ಸಹ. ಜನರ ಪರಿಸ್ಥಿತಿ ಬದಲಾಗುತ್ತದೆ, ಮಗಳಿಗೆ ಗಂಡು ನೋಡುವ ಕಾಲ ಬರುತ್ತದೆ. ಆದರೆ ಮನೆತನದ ಪರವಾಗಿ ಮಾತಾಡಲು ಬರುವ ಚಿಕ್ಕಪ್ಪಂದಿರಿಗೆ ನನ್ನ ಪ್ರಶ್ನೆ ಒಂದೇ: "ಯಾವ ಸಾಲು, ಯಾರದು, ಹೇಳಿ." ಸಾಲು ತೋರಿಸಿದರೆ ಯೋಚಿಸುತ್ತೇನೆ. ಸುಮ್ನೆ "ಇದೆಲ್ಲಾ ಬೇಕಿತ್ತಾ?" ಅಂದರೆ ತೆಗೆಯುವುದಿಲ್ಲ. ವಿವರ ತಪ್ಪಿದೆ ಅಂದರೆ ತಿದ್ದಿ, ತಿದ್ದಿದ್ದೇನೆ ಎಂದು ಕೆಳಗೆ ಬರೆಯುತ್ತೇನೆ. ತೆಗೆದ ಮೇಲೂ ಯಾರದೋ ಫೋನಿನಲ್ಲಿ ಸ್ಕ್ರೀನ್‌ಶಾಟ್ ಉಳಿದಿರಬಹುದು. ಅದನ್ನೂ ಅವರಿಗೆ ಮುಚ್ಚಿಡದೆ ಹೇಳಿಬಿಡಿ.

ನಿಮ್ಮ ಬರಹದ ಪ್ರತಿ ನಿಮ್ಮ ಬಳಿಯೂ ಇರಲಿ. ಖಾತೆ ಯಾವತ್ತಾದರೂ ಹ್ಯಾಕ್ ಆಗಬಹುದು, ಯಾರೋ ಗುಂಪು ಕಟ್ಟಿಕೊಂಡು ರಿಪೋರ್ಟ್ ಮಾಡಿ ಮುಚ್ಚಿಸಲೂಬಹುದು. ಮೊದಲ ಪ್ರತಿ, ಹಾಕಿದ ಪ್ರತಿ, ಒಪ್ಪಿಗೆಯ ವಾಯ್ಸ್ ಮೆಸೇಜ್, ಮೂರನ್ನೂ ಒಂದೇ ಫೋಲ್ಡರಿಗೆ ಹಾಕಿ ಮೇಲೆ ದಿನಾಂಕ ಬರೆದಿಡಿ. ಮೊದಲ ಪ್ರತಿಯಲ್ಲಿ ಎಲ್ಲರ ನಿಜವಾದ ಹೆಸರು ಇರುವುದರಿಂದ ಆ ಫೋಲ್ಡರಿಗೆ ಪಾಸ್‌ವರ್ಡ್ ಹಾಕಿ.